ವಾರ್ಮರ್ ನಡೆಸುವ ಬೆಸುಗೆ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ರಿಪೇರಿ ಕೋಣೆಯಲ್ಲಿ, ಎಲ್ಲರೂ ಬೆಸುಗೆ ಅಕ್ಕ ಎಂದು ಕರೆಯುವ ತಂತ್ರಜ್ಞೆ ಅಸಿಟೋನ್ ಅದ್ದಿದ ಹತ್ತಿಯಿಂದ ಉಗುರಿಗಿಂತ ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪೊಂದನ್ನು ಒರೆಸುತ್ತಾರೆ. ಮೇಲಿನ ಅಕ್ಷರಗಳೆಲ್ಲ ಹತ್ತಿಗೆ ಅಂಟಿ ಬರುತ್ತವೆ. ಯಾವುದೋ ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರಿದ್ದಾರೆ. ಈ ತಿಂಗಳಿಗೆ ಇದು ನಾಲ್ಕನೆಯದು.

“ಒರಿಜಿನಲ್ಲೇ ಅಕ್ಕಾ,” ಎನ್ನುತ್ತಾನೆ ಫೋನಿನಲ್ಲಿ ಮಾರಿದವನು.

“ಮುಖ ತೊಳೆದ್ರೆ ಹೆಸರೇ ಹೋಗುತ್ತಲ್ಲಪ್ಪಾ, ಅದೆಂಥ ಒರಿಜಿನಲ್ಲು!”

ಹಸುಗೂಸುಗಳನ್ನು ಬೆಚ್ಚಗಿಡುವ ಎಂಟು ವಾರ್ಮರ್‌ಗಳು ಇಲ್ಲಿವೆ. ಮೂರನೆಯದು ಶಾಖ ಅಳೆಯುವ ಚಿಪ್ಪಿಲ್ಲದೆ ಹನ್ನೊಂದು ತಿಂಗಳಿಂದ ನಿಂತಿದೆ. ಅಂದು ಕಂಪನಿ ಚಿಪ್ಪು ಬರಲು ಐವತ್ತೆರಡು ವಾರ ಎಂದಿತ್ತು. ಇಂದೂ ಐವತ್ತೆರಡೇ ಎನ್ನುತ್ತದೆ.

“ಕೊರೋನಾ ಬಂದಾಗ ಕಾರಿನವರು ಮೊದಲು ಚಿಪ್ಪು ಬೇಡ ಅಂದ್ರು. ಕಾರ್ಖಾನೆಯವರು ಫೋನಿಗೆ, ಕಂಪ್ಯೂಟರಿಗೆ ಮಾಡ್ಕೊಟ್ರು. ಆಮೇಲೆ ಎಲ್ರಿಗೂ ಒಟ್ಟಿಗೇ ಬೇಕು! ಒಂದು ಬೇಕಾದೋರು ನಾಲ್ಕು ಕಡೆ ಹೇಳಿಟ್ರು. ನಮ್ಮ ಒಂದು ಚಿಪ್ಪು ಯಾರ ಕಣ್ಣಿಗೆ ಬೀಳುತ್ತೆ?” ಎನ್ನುತ್ತಾರೆ ಅಕ್ಕ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಂಥ ಪರದಾಟ ಅವರು ಕಂಡಿಲ್ಲ. ಮನೆಯಲ್ಲೂ ಅಂಜಿಕೆಯೇ. “ಚಿಪ್ಪಿಗಾಗಿ ಸೊಸೆ ಯಾವಾಗ ಬಿಚ್ತಾಳೋ ಅಂತ ನಮ್ಮತ್ತೆ ರೇಡಿಯೊ ಬಚ್ಚಿಟ್ಟಿದಾರೆ.”

ಹೆರಿಗೆ ವಾರ್ಡಿನ ಹಿರಿಯ ನರ್ಸ್ ಮೆಟ್ಟಿಲಿಳಿದು ಬರುತ್ತಾರೆ. “ಅಕ್ಕಾ, ಸಂಜೆ ಅವಳಿಗಳ ಸಿಸೇರಿಯನ್ ಇದೆ. ತಿಂಗಳು ತುಂಬಿಲ್ಲ. ವಾರ್ಮರ್ ಖಾಲಿ ಇರೋದು ಒಂದೇ.”

“ಇನ್ನೊಂದನ್ನ ನಾನೇನು ಹೆತ್ತು ಕೊಡ್ಲಾ?”

ರೇಗಿದವರೇ ಮೇಜಿನ ಮೇಲಿರುವ ತಮ್ಮ ಬೆಸುಗೆ ಯಂತ್ರವನ್ನು ನೋಡುತ್ತಾರೆ. ಶಾಖವನ್ನು ಹದದಲ್ಲಿಡುವ ಆ ಯಂತ್ರದ ಹೊಟ್ಟೆಯಲ್ಲಿ ಅದೇ ಚಿಪ್ಪಿದೆ. ಕಿತ್ತರೆ ಹನ್ನೊಂದು ವರ್ಷದ ಜೊತೆಗಾರ ಮೂಲೆ ಸೇರುತ್ತಾನೆ. “ಕರ್ಮ!” ಎಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

ಕೈಯಲ್ಲೀಗ ಹಳೆಯ ಮಾಮೂಲಿ ಬೆಸುಗೆಕಡ್ಡಿ. ಒದ್ದೆ ಸ್ಪಂಜಿಗೆ ತಾಗಿಸಿದಾಗ ಏಳುವ ಚುಯ್ ಸದ್ದಿನಲ್ಲೇ ಕಾವನ್ನು ಅಂದಾಜು ಮಾಡಬೇಕು. ತುಸು ಹೆಚ್ಚಾದರೂ ಚಿಪ್ಪು ಸತ್ತಂತೆ. ಅದರ ಹದಿನಾಲ್ಕು ಲೋಹದ ಕಾಲುಗಳನ್ನು ಉಸಿರು ಬಿಗಿಹಿಡಿದು ಬಿಡಿಸುತ್ತಾರೆ. ಮೂರನೆಯ ವಾರ್ಮರಿನ ಬೋರ್ಡಿಗೆ ಕೂರಿಸುತ್ತಾರೆ. ಮಗುವಿನ ಜಾಗದಲ್ಲಿ ನೀರಿನ ಚೀಲ ಮಲಗಿಸಿ, ಎಂಟು ಗಂಟೆ ಕಾಲ ಅರ್ಧರ್ಧ ಗಂಟೆಗೊಮ್ಮೆ ಶಾಖ ನೋಡುತ್ತಾರೆ. ಊಟದ ಡಬ್ಬಿ ತೆರೆದಂತೆಯೇ ಆರುತ್ತದೆ. ಶಾಖ ಅಲುಗುವುದಿಲ್ಲ.

ಸಂಜೆ ನರ್ಸ್ ಫೋನು ಮಾಡುತ್ತಾರೆ. “ಇಬ್ರೂ ಬೆಚ್ಚಗಿದಾರೆ ಅಕ್ಕಾ.”

“ಅಳ್ತಿದಾರಾ?”

“ಪೈಪೋಟಿ ಮೇಲೆ!”

ಫೋನಿಟ್ಟು ಅಕ್ಕ ಬೆರಳಿನ ಸುಟ್ಟ ಗಾಯಕ್ಕೆ ಮುಲಾಮು ಸವರಿಕೊಳ್ಳುತ್ತಾರೆ. “ಆಸೆ ಒಂದೇ ರೀ. ಹೊಸ ಚಿಪ್ಪನ್ನ ಡಬ್ಬಿಯಿಂದ ತೆಗೆದು ಕೂರಿಸ್ಬೇಕು. ಯಾವುದರ ಹೊಟ್ಟೇನೂ ಕುಯ್ಯದೆ. ಒಂದೇ ಒಂದ್ಸಲ.”