ಎರಡೂ ಖರೆ, ಮೂರೂ ಖರೆ

ಕಳೆದ ಶನಿವಾರ ಗೋಕಾಕದ ಶಾಲೆಯೊಂದರಲ್ಲಿ ಪಾಲಕರ ಮತ್ತು ಶಿಕ್ಷಕರ ಸಭೆ ನಡೆಯಿತು. ಹತ್ತನೆಯ ತರಗತಿಗೆ ಬೀಜಗಣಿತ ಕಡ್ಡಾಯವಾಗಿರಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ವರದಿಗೆಂದು ನಾನು ಹೋಗಿದ್ದೆ. ಕೋಣೆಯ ಕರಿಹಲಗೆಗೆ ಆ ಬೆಳಿಗ್ಗೆಯೇ ಇದ್ದಿಲು ಮತ್ತು ತೊಂಡೆ ಎಲೆಯ ರಸ ಬಳಿದಿದ್ದರು. ಇನ್ನೂ ಆರಿರಲಿಲ್ಲ. ಆ ಹಸಿ ವಾಸನೆ ಮೂಗಿಗೆ ಬಂದಾಗ ಮೂಡಲಗಿಯ ಗಣಿತದ ಅಕ್ಕೋರು ನೆನಪಾದರು...

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಇವರು ಭಾನುವಾರ ತಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಗಣಿತದಲ್ಲಿ ನಾಪಾಸಾದ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಹಲಗೆ ಮಾಸಿದಾಗಲೆಲ್ಲ ಹಿತ್ತಲಿನ ತೊಂಡೆಬಳ್ಳಿಯ ಎಲೆ ಜಜ್ಜಿ ತಾವೇ ಬಳಿಯುತ್ತಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಾತು ಕಡಿಮೆ, ದನಿಯಲ್ಲಿ ಯಾವಾಗಲೂ ದಣಿವು. ನಾನೂ ಒಮ್ಮೆ ನಾಪಾಸಾಗಿ ಅಲ್ಲಿ ಸೇರಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ಕುಲಗೋಡದಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ. ಕುರಿ ಮೇಯಿಸುವ ಮನೆತನ. ಹಿಂಡಿನ ಜೊತೆ ಊರೂರು ತಿರುಗಿದ್ದರಿಂದ ಶಾಲೆಗೆ ತಡವಾಗಿ ಸೇರಿದ್ದಳು. ನಾವು ಓದುವಾಗ ಅವಳಿಗೆ ಹದಿನೆಂಟು ತುಂಬಿತ್ತು.

ಅವಳಿಗೆ ನರ್ಸಿಂಗ್ ಕಲಿಯಬೇಕಿತ್ತು. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಗಣಿತದಲ್ಲಿ ಮಾತ್ರ ಎರಡು ಸಲ ಬಿದ್ದಿದ್ದಳು. ಅವಳಪ್ಪ ಒಂದು ದಿನ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ನಮ್ಮೆಲ್ಲರ ಎದುರೇ ಹೇಳಿದರು: "ನೋಡ್ರಿ ಅಕ್ಕೋರ, ಇದು ಕಡೀ ಸರ್ತಿ. ಪಾಸಾದ್ಲಂದ್ರ ಕಲಸ್ತೇನಿ, ಮಾತ ತಪ್ಪಂಗಿಲ್ಲ. ಇಲ್ಲಂದ್ರ ಹುಕ್ಕೇರಿ ಕಡೆ ಒಂದ ಮನಿ ನೋಡೇನಿ." ಅಕ್ಕೋರು "ಆತು ಬಿಡ್ರಿ" ಎಂದಷ್ಟೇ ಹೇಳಿ ಒಳಗೆ ಬಂದರು.

ನಮಗೆ ಅರ್ಥವಾಗದೆ ಉಳಿದಿದ್ದು ಅಕ್ಷರ. ಸಂಖ್ಯೆ ಇರಬೇಕಾದ ಜಾಗದಲ್ಲಿ ಎಕ್ಸ್ ಯಾಕೆ ಎಂದು ಗೆಳತಿ ಕೇಳುತ್ತಲೇ ಇದ್ದಳು. ಒಂದು ಭಾನುವಾರ ಅಕ್ಕೋರು ಬಳಪ ಕೆಳಗಿಟ್ಟು ಅವಳನ್ನೇ ಕೇಳಿದರು.

"ಲಗ್ನದಾಗ ಹೊಸ್ತಿಲ ಹತ್ರ ಮದುಮಗಳನ್ನ ತಡದು ನಿಲ್ಲಸ್ತಾರಲ್ಲ, ಯಾಕ?"

"ಗಂಡನ ಹೆಸರ ಹೇಳಾಕ್ರಿ. ಒಡಪ ಕಟ್ಟಿ, ಪ್ರಾಸ ಹಚ್ಚಿ."

"ಆಕಿಗೆ ಹೆಸರ ಗೊತ್ತಿರೂದಿಲ್ಲೇನು?"

"ಗೊತ್ತಿರತೈತ್ರಿ. ಹಂಗ ಹೇಳಂಗಿಲ್ಲ. ಅವರು, ಇವರು ಅಂತಾಳ."

"ಎಕ್ಸ್ ಅಂದ್ರ ಆ 'ಅವರು' ನಮ್ಮವ್ವಾ. ಹೆಸರೈತಿ. ಒಂದೊಂದ ಮಾತ ಸರಿಸ್ಕೋತ ಹೋಗಿ ಕಡೀಕ ಹೇಳಬೇಕು. ಅದ ಒಡಪು."

ಪಡಸಾಲೆಯಲ್ಲಿ ನಗೆಯೆದ್ದಿತು. ಆದರೆ ಗೆಳತಿ ನಗಲಿಲ್ಲ, ಬಳಪ ತೆಗೆದುಕೊಂಡು ಎದ್ದಳು. ಸರಳ ಸಮೀಕರಣವೊಂದನ್ನು ತಾನೇ ಬಿಡಿಸಿದಳು. ಆ ದಿನದಿಂದ ಅವಳು ಲೆಕ್ಕ ಮಾಡುವ ರೀತಿಯೇ ಬೇರೆಯಾಯಿತು. ನನಗೆ ಆ ಹೋಲಿಕೆ ಅಷ್ಟಾಗಿ ಹತ್ತಲಿಲ್ಲ. ಪುಸ್ತಕದ ಹಂತಗಳನ್ನು ಇದ್ದಂತೆಯೇ ಬಾಯಿಪಾಠ ಮಾಡಿದೆ.

ತೊಂದರೆ ಬಂದದ್ದು ವರ್ಗ ಸಮೀಕರಣದಲ್ಲಿ. ಅಲ್ಲಿ ಎಕ್ಸ್‌ಗೆ ಎರಡು ಬೆಲೆ ಬರುತ್ತವೆ, ಎರಡನ್ನೂ ಬರೆಯಬೇಕು. ಅಕ್ಕೋರು ಹಲಗೆಯ ಮೇಲೆ ಎರಡು, ಮೂರು ಎಂದು ಬರೆದು ಮುಗಿಸುವಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು: "ಅಕ್ಕೋರ, ಒಬ್ಬಾಕಿಗೆ ಇಬ್ರು ಗಂಡರೇನ್ರಿ?" ಅಕ್ಕೋರು ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇಲ್ಲಿ ಎರಡೂ ಖರೆ, ಮೂರೂ ಖರೆ. ನಾಚಬ್ಯಾಡ್ರೆ, ಇಬ್ಬರ ಹೆಸರೂ ಹೇಳ್ರಿ" ಎಂದರು.

ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಉತ್ತರ ತಾಳೆ ನೋಡಿದೆವು. ಅದೇ ಬಗೆಯ ಲೆಕ್ಕ ಬಂದಿತ್ತು. ಗೆಳತಿ ಎರಡೂ ಬೆಲೆ ಕಂಡುಹಿಡಿದಿದ್ದಳು. ಒಂದನ್ನು ಉಳಿಸಿಕೊಂಡು ಇನ್ನೊಂದರ ಮೇಲೆ ಗೀಟು ಎಳೆದು ಬಂದಿದ್ದಳು.

"ಹುಚ್ಚಿ, ಅಕ್ಕೋರು ಎರಡೂ ಬರೀರಿ ಅಂದಿರಲಿಲ್ಲೇನ?"

"ಅಂದಿದ್ರು. ಖರೇ ಹೇಳ್ತೇನಿ, ಇಬ್ಬರ ಹೆಸರ ಬರಿಯಾಕ ಕೈ ಏಳಲಿಲ್ಲ. ಮೊದಲ ಬಂದದ್ದನ್ನ ಇಟಗೊಂಡ್ನಿ."

ನಾನು ಎರಡನ್ನೂ ಬರೆದಿದ್ದೆ.

ಫಲಿತಾಂಶ ಬಂತು. ನಾನು ಪಾಸಾದೆ. ಗೆಳತಿಗೆ ಸ್ವಲ್ಪದರಲ್ಲಿ ತಪ್ಪಿತು. ಆ ಒಂದು ಲೆಕ್ಕದಿಂದಲೇ ಬಿದ್ದಳೆಂದು ನಾನು ಬರೆಯಲಾರೆ. ಅವಳ ಉತ್ತರಪತ್ರಿಕೆಯನ್ನು ನಾನಾಗಲಿ ಅಕ್ಕೋರಾಗಲಿ ನೋಡಿಲ್ಲ. ಆದರೆ ಅಕ್ಕೋರು ಹಾಗೆಯೇ ನಂಬಿದ್ದರು. ಪೇಢೆ ಕೊಡಲು ಹೋದಾಗ, "ತಿಳಕೊಂಡಾಕಿ ಬಿದ್ಲು, ಕಂಠಪಾಠ ಮಾಡಿದಾಕಿ ಪಾಸಾದ್ಲು. ನೀ ಬ್ಯಾಸರ ಮಾಡ್ಕೋಬ್ಯಾಡವಾ, ನಿನ್ನ ತಪ್ಪಲ್ಲ" ಎಂದರು. ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಗೆಳತಿಯ ಲಗ್ನ ಹುಕ್ಕೇರಿಯಲ್ಲಾಯಿತು. ಅಕ್ಕೋರು ಬರಲಾರರು ಎಂದುಕೊಂಡಿದ್ದೆ. ಬಂದರು, ಹೆಂಗಸರ ನಡುವೆ ಗೋಡೆಗೆ ಆನಿಕೊಂಡು ಕೂತರು. ಒಡಪು ಹೇಳುವ ಹೊತ್ತಿಗೆ ಒಬ್ಬೊಬ್ಬರನ್ನೇ ಪೀಡಿಸುತ್ತ ಬಂದವರು ಅಕ್ಕೋರನ್ನು ದಾಟಿ ಮುಂದಿನವರ ಕಡೆ ಹೋದರು. ಕೊನೆಗೆ ಮದುಮಗಳನ್ನು ಹೊಸ್ತಿಲಲ್ಲಿ ತಡೆದರು. "ಹೇಳವಾ, ಹೆಸರ ಹೇಳದ ಒಳಗ ಬಿಡಂಗಿಲ್ಲ!" ಎಂದು ನಾದಿನಿಯರ ಗದ್ದಲ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು (ಗಂಡನ ಹೆಸರನ್ನು ನಾನು ಇಲ್ಲಿ ಬಿಟ್ಟಿದ್ದೇನೆ):

"ಎರಡೂ ಖರೆ ಮೂರೂ ಖರೆ ಅಂತಾರ ನಮ್ಮ ಅಕ್ಕೋರ,
...ಅವರೊಬ್ಬರ ಹೆಸರ ಹೇಳತೇನಿ ಕೇಳ್ರಿ ಎಲ್ಲಾರ."

ಎಲ್ಲರೂ ನಕ್ಕರು. "ಇದ್ಯಾವ ಒಡಪ ಮಾರಾಯ್ತಿ, ಸಾಲ್ಯಾಗಿಂದ ತಂದಿ?" ಎಂದು ಅತ್ತೆಯಾಗುವವರೂ ನಕ್ಕರು. ಅಕ್ಕೋರು ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದರು. ಊಟಕ್ಕೆ ನಿಲ್ಲಲಿಲ್ಲ.

ಆಮೇಲೆಯೂ ಭಾನುವಾರದ ಪಾಠ ನಡೆಯಿತು. ಒಡಪಿನ ಮಾತು ಮಾತ್ರ ಅವರು ಮತ್ತೆ ಎತ್ತಲಿಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ನಾನು ನೇರವಾಗಿಯೇ ಕೇಳಿದ್ದೆ, ಬೀಜಗಣಿತ ಎಲ್ಲರಿಗೂ ಕಡ್ಡಾಯವಾಗಿ ಬೇಕೇ ಎಂದು. "ಕಲಸೂದು ಬೇಕು ತಂಗಿ. ತಿಳೀತಂದ್ರ ಆ ಹುಡುಗಿ ಮಾರಿ ಹೆಂಗಾಗಿತ್ತು ನೀನ ನೋಡಿಯಲ್ಲ. ಆದ್ರ ಅದನ್ನ ಹೊಸ್ತಿಲ ಮಾಡಿ ತಡದು ನಿಲ್ಲಸೂದು..." ಎಂದು ಅಲ್ಲಿಗೇ ಬಿಟ್ಟರು. ಮಾತು ಪೂರ್ಣವಾಗಿರಲಿಲ್ಲವಾದ್ದರಿಂದ ನಾನು ಅದನ್ನು ಎಲ್ಲಿಯೂ ಬಳಸಲಿಲ್ಲ.

ಶನಿವಾರದ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, "ಉಳದದ್ದೆಲ್ಲಾ ಪಾಸ್ರಿ. ಈ ಎಕ್ಸ್ ಒಂದಕ್ಕ ನನ್ನ ಮಗಳನ್ನ ಮನ್ಯಾಗ ಕುಂಡ್ರಸೂದೇನ್ರಿ?" ಎಂದು ಕೇಳಿದರು. ಮುಖ್ಯಾಧ್ಯಾಪಕರು, "ಇವತ್ತ ಇದನ್ನ ಬಿಟ್ರ ನಾಳೆ ಇಂಗ್ಲಿಷ್ ಬಿಡ್ರಿ ಅಂತೀರಿ" ಎಂದರು. ಎರಡನ್ನೂ ಬರೆದುಕೊಂಡೆ. ಇಬ್ಬರೂ ದಣಿದಂತೆ ಕಂಡರು.

ಹೊರಗೆ ಬಂದು ಹುಕ್ಕೇರಿಗೆ ಫೋನ್ ಮಾಡಿದೆ. ಗೆಳತಿಯೊಡನೆ ಮಾತಾಡಿ ಬಹಳ ದಿನವಾಗಿತ್ತು. ಅಕ್ಕೋರು ಕಳೆದ ಮಳೆಗಾಲದಲ್ಲಿ ಧುಪದಾಳದ ತಮ್ಮನ ಮನೆಯಲ್ಲಿ ತೀರಿಕೊಂಡ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು. ಆ ಕಡೆ ಕುಕ್ಕರ್ ಕೂಗಿತು. ಅವಳು ಅದನ್ನು ಇಳಿಸಿ ಬಂದಳು.

"ನನ್ನ ಮಗಳು ಈ ವರ್ಷ ಹತ್ತನೇತ್ತಾ," ಎಂದಳು ಆಮೇಲೆ. "ಎಕ್ಸ್ ಅಂದ್ರ ಏನಬೇ ಅಂತ ಕೇಳಿದ್ಲು. ಒಡಪಿಂದ ಹೇಳಿಕೊಟ್ನಿ. ಎರಡೂ ಬರೀಬೇಕು, ಗೀಟ ಹೊಡೀಬ್ಯಾಡ ಅಂತನೂ ಹೇಳೇನಿ."

ಸಭೆ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತು. ಗೆಳತಿಯ ಮಗಳ ಗಣಿತ ಪರೀಕ್ಷೆ ಬರುವ ಸೋಮವಾರ ಇದೆ.