ಆರದ ರೊಟ್ಟಿ

ಸಣ್ಣ ಉದ್ಯಮ ನಡೆಸುವವರೊಬ್ಬರನ್ನು ಮಾತಾಡಿಸಿ ಬರೆದುಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದ ಅಕ್ಕನ ಹತ್ತಿರ ಹನ್ನೆರಡು ಪ್ರಶ್ನೆ ಹಿಡಿದು ಹೋದೆ. ಆಕೆ ಕೂತರೆ ತಾನೇ ಕೇಳುವುದು! ಹಂಚಿನಿಂದ ಅಂಗಳಕ್ಕೆ, ಅಂಗಳದಿಂದ ಹಂಚಿಗೆ; ಬೆನ್ನ ಹಿಂದೆ ನಾನು. ಏನು ಕೇಳಿದರೂ ಹರವಿದ ರೊಟ್ಟಿ ಮುಟ್ಟಿ ನೋಡಿ ಒಂದೇ ಮಾತು: "ತಡಿಯವ್ವಾ, ಇನ್ನಾ ಆರಿಲ್ಲ."

ಬೇಗ ಮುಗಿಯಲಿ ಎಂದು, ಆಕೆ ಒಳಗಿದ್ದಾಗ ನಾನೇ ರೊಟ್ಟಿ ಒಟ್ಟಿ, ಗಂಟು ಕಟ್ಟಿ, ಆಕೆ ದಿನಾ ಕಳಿಸುವ ಚಡಚಣದ ಅಂಗಡಿಗೆಂದು ಓಣಿಯ ತುದಿಯಲ್ಲಿ ನಿಂತಿದ್ದ ಬಸ್ಸಿನಲ್ಲಿಟ್ಟು ಬಂದೆ.

"ಮುಟ್ಟಿ ನೋಡಿದ್ದೇನ?" ಎಂದಳು. ಇಲ್ಲವೆಂದೆ. ಹಿಟ್ಟಿನ ಕೈಯಲ್ಲೇ ಓಡಿ, ಹೊರಟ ಬಸ್ಸನ್ನು ಬಡಿದು ನಿಲ್ಲಿಸಿ ಗಂಟು ಇಳಿಸಿದಳು. ಬಿಚ್ಚಿದರೆ, ಒಳಗಿನ ಬಿಸಿಗೆ ಬೆವೆತ ರೊಟ್ಟಿಗಳು ಹಸಿ ಅರಿವೆಯಂತೆ ಜೋತುಬಿದ್ದವು.

ಬೈಯುತ್ತಾಳೆಂದು ಕಾದೆ. ಆಕೆ ಅಂಗಡಿಗೆ ಫೋನ್ ಹಚ್ಚಿದಳು: "ಇವತ್ತ ರೊಟ್ಟಿ ಬರೂದಿಲ್ರಿ. ಅವಸರ ಮಾಡಿ ಕಟ್ಟೀನಿ, ತಪ್ಪು ನಂದ ಐತಿ."

ರೊಟ್ಟಿಗಳನ್ನು ಮತ್ತೆ ಒಂದೊಂದಾಗಿ ಹರವಿ, ಅಂದು ಮೊದಲ ಸಲ ಕೂತಳು. "ಹೂಂ, ಈಗ ಕೇಳವ್ವಾ."

ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಒಂದೊಂದೇ ರೊಟ್ಟಿ ಮುಟ್ಟಿ ನೋಡತೊಡಗಿದೆ.