ಮೂರನೆಯ ಲೇನಿನ ಸುಣ್ಣ

ವಳಸಂಗದ ಹರಿಬಾನಿಗೆ ಎರಡು ದಿನದ ಕೂಲಿ, ಎಂಟುನೂರು ರೂಪಾಯಿ, ಇನ್ನೂ ಬರಬೇಕು. ೨೦೨೩ರ ಅಕ್ಟೋಬರಿನದು. ಸಾಂಗಲಿ ಜಿಲ್ಲೆಯ ಜತ್ತಿನಲ್ಲಿ ನಡೆದ ಶಾಲಾ ಕ್ರೀಡಾಕೂಟಕ್ಕೆ ಓಟದ ಗೆರೆ ಹಾಕಿದ ಕೂಲಿ. ಕೇಳಲು ಹೋದರೆ ಸಮಿತಿಯವರದು ಒಂದೇ ಮಾತು: 'ಫಕ್ಕಿಗೆ ಹೆಡ್ ಐತಿ, ಫಕ್ಕಿ ಹಾಕಾಂವಗ ಹೆಡ್ ಇಲ್ಲ.' ಫಕ್ಕಿ ಅಂದರೆ ಮೈದಾನದ ಸುಣ್ಣದ ಪುಡಿ, ಹೆಡ್ ಅಂದರೆ ಖರ್ಚು ಬರೆಯುವ ಖಾತೆ. ಪುಡಿ ಕೊಳ್ಳಲು ಅವರ ಲೆಕ್ಕದಲ್ಲಿ ದುಡ್ಡಿದೆ, ಸೊಂಟ ಬಗ್ಗಿಸಿ ಅದನ್ನು ನೆಲಕ್ಕೆ ಸುರಿಯುವವನಿಗೆ ಇಲ್ಲ.

ಹರಿಬಾ ಐವತ್ತು ದಾಟಿದ ಮನುಷ್ಯ. ಹೊಲಗೂಲಿ, ಬಾವಿಯ ಹೂಳು, ಮನೆಗಳಿಗೆ ಸುಣ್ಣ, ಸಿಕ್ಕಿದ್ದನ್ನು ಮಾಡುತ್ತಾನೆ. ಊರಿಗೆ ನೀರು ಕೊಡಿ ಎಂದು ನಾವು ಮೋರ್ಚಾ ನಡೆಸುತ್ತಿದ್ದ ಕಾಲದಲ್ಲಿ ಜನ ಸಾಲಾಗಿ ಕೂರಲೆಂದು ರಸ್ತೆಯ ಮೇಲೆ ಗೆರೆ ಹಾಕುತ್ತಿದ್ದವನು ಅವನೇ. ಸಾಲಿನಿಂದ ಮುಂದೆ ಬಂದವರು ನಾಯಕರಾದರೂ ಬೈದು ಹಿಂದೆ ಕಳಿಸುತ್ತಿದ್ದ. ನನ್ನನ್ನೂ ಕಳಿಸಿದ್ದಾನೆ.

ಓಟದ ಗೆರೆಯಲ್ಲಿ ಅವನದೊಂದು ಹಟ. ಮಾಸ್ತರರೆಲ್ಲ ಗೂಟಕ್ಕೆ ಹಗ್ಗ ಕಟ್ಟಿ ತಿರುವು ಎಳೆಯುತ್ತಾರೆ. ಇವನು ಹಗ್ಗ ಮುಟ್ಟುವುದಿಲ್ಲ, ಕಬ್ಬಿಣದ ತಂತಿಯೇ ಬೇಕು. 'ಹಗ್ಗ ಜಗ್ಗಿದಂಗ ಉದ್ದ ಆಗ್ತದರಿ. ಒಂದ ಹುಡುಗಿ ಗೇಣ ಹೆಚ್ಚಿಗಿ ಓಡ್ತಾಳ, ಆಕಿಗಿ ಗೊತ್ತೂ ಆಗಂಗಿಲ್ಲ.'

ಆ ವಾರ ಚೀನಾದ ಹಾಂಗ್‌ಝೌದಲ್ಲಿ ಏಷ್ಯನ್ ಗೇಮ್ಸ್ ನಡೆದಿತ್ತು. ವಳಸಂಗದ ಅಮೋಗಸಿದ್ದನ ಚಹಾದಂಗಡಿಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿದ ಮೊಬೈಲಿನ ಮುಂದೆ ಹತ್ತು ತಲೆ. ಸ್ಟೀಪಲ್‌ಚೇಸಿನಲ್ಲಿ ಬೀಡ ಜಿಲ್ಲೆಯ ಅವಿನಾಶ ಸಾಬಳೆ ಚಿನ್ನ ಗೆದ್ದಾಗ ಅಂಗಡಿಯ ಎರಡು ಗ್ಲಾಸು ಒಡೆದವು. ಹರಿಬಾ ಮಾತ್ರ ಓಡುವವರನ್ನು ಬಿಟ್ಟು ನೆಲ ನೋಡುತ್ತಿದ್ದ. 'ಈ ಗೆರಿ ಯಾಂವ ಹಾಕ್ಯಾನಪಾ? ಕೂದಲೆಳಿ ಫರಕ ಇಲ್ಲ.'

ಅದೇ ದಿನ ನೂರು ಮೀಟರ್ ಹರ್ಡಲ್ಸಿನಲ್ಲಿ ಜ್ಯೋತಿ ಯರ್ರಾಜಿಯ ಪಕ್ಕದ ಲೇನಿನ ಚೀನಾದ ಓಟಗಾರ್ತಿ ಗುಂಡಿನ ಸದ್ದಿಗೆ ಮೊದಲೇ ಜಿಗಿದಳು. ಪಂಚರು, ಅಂದರೆ ತೀರ್ಪುಗಾರರು, ಜ್ಯೋತಿಯನ್ನೂ ಹೊರಗೆ ನಡೆ ಅಂದರು. ಆಕೆ ನಡೆಯಲಿಲ್ಲ. ವಿಡಿಯೋ ನೋಡಿ ಎಂದು ಅಲ್ಲೇ ನಿಂತು ವಾದಿಸಿದಳು. ಕೊನೆಗೆ ಇಬ್ಬರನ್ನೂ ಓಡಲು ಬಿಟ್ಟರು. ಜ್ಯೋತಿ ಮೂರನೆಯವಳಾಗಿ ಮುಟ್ಟಿದಳು. ಆಮೇಲೆ ಎರಡನೆಯವಳಾಗಿದ್ದ ಚೀನಾದವಳನ್ನು ತೆಗೆದುಹಾಕಿದರು, ಇವಳಿಗೆ ಬೆಳ್ಳಿ ಬಂತು. ಮರುದಿನ ಗಂಡು ಹೆಣ್ಣು ಕೂಡಿ ಓಡುವ ರಿಲೇ. ಎರಡನೆಯದಾಗಿ ಮುಟ್ಟಿದ ಶ್ರೀಲಂಕಾ ಲೇನಿನ ತಪ್ಪಿಗೆ ಹೊರಬಿತ್ತು, ನಮ್ಮ ಕಂಚು ಬೆಳ್ಳಿಯಾಯಿತು.

'ನೋಡಪಾ,' ಅಂದ ಹರಿಬಾ, 'ಗೆರಿ ಅಂದ್ರ ಚಾಷ್ಟಿ ಅಲ್ಲ.'

'ಹಂಗಾರ ಚೀನಾಕ್ಕ ಹೋಗ್ರಿ,' ಅಂದ ಅಮೋಗಸಿದ್ದ. 'ಅಲ್ಲಿ ನಿಮಗ ಹೆಡ್ ಇರಬೇಕ.'

ಜತ್ತಿನ ಕೂಟ ನಾಲ್ಕನೆಯ ತಾರೀಖು. ಹುಡುಗಿಯರ ಇನ್ನೂರು ಮೀಟರಿನಲ್ಲಿ ಮೊದಲ ಇಬ್ಬರು ಸಾಂಗಲಿಯ ಜಿಲ್ಲಾ ಕೂಟಕ್ಕೆ ಹೋಗುತ್ತಾರೆ. ಮೂರನೆಯ ಲೇನಿನಲ್ಲಿ ಸನಮಡಿಯ ಸೃಷ್ಟಿ ಇದ್ದಳು. ಹತ್ತನೆಯ ಇಯತ್ತೆ, ಬರಿಗಾಲು. ಜಿಲ್ಲೆಗೆ ಹೋಗಲು ಅವಳಿಗೆ ಅದೇ ಕೊನೆಯ ವರ್ಷ. ಮುಂದಿನ ವರ್ಷ ಶಾಲೆ ಮುಗಿಯುತ್ತದೆ, ಆಮೇಲೆ ಓಡು ಎಂದು ಯಾರೂ ಹೇಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಓಡಿದಳು, ಎರಡು ಮಾರು ಅಂತರದಲ್ಲಿ ಮೊದಲು ಮುಟ್ಟಿದಳು.

ತಿರುವಿನ ಪಂಚರು ಶ್ರೀಶೈಲಪ್ಪ ಮಾಸ್ತರರು. ಓಟ ಮುಗಿದ ಮೇಲೆ ಕುರ್ಚಿಯಿಂದ ಎದ್ದು ತಿರುವಿಗೆ ಬಂದು ನೋಡಿದರು. ಮೂರನೆಯ ಲೇನಿನ ಎಡಗೆರೆ ಒಂದು ಕಡೆ ಒಡೆದಿತ್ತು. ತಿರುವಿನಲ್ಲಿ ತನ್ನ ಎಡಗೆರೆ ತುಳಿದವಳು ಬಾದ, ಅಂದರೆ ಹೊರಗೆ, ಅದು ನಿಯಮ. ಮಾಸ್ತರರು ಕೆಂಪು ಬಾವುಟ ಎತ್ತಿದರು.

'ಮೂರನೇ ಲೇನ್ ಬಾದ!'

'ಸರ, ನಾ ತುಳದಿಲ್ರಿ.'

'ಮತ್ತ ಗೆರಿ ತಾನ ಅಳಸ್ಕೊಂಡಿತೇನ? ನಡಿ, ನೆಳ್ಳಾಗ ಕುಂದ್ರ.'

ಸೃಷ್ಟಿ ತುಟಿ ಕಚ್ಚಿ ತನ್ನ ಚೀಲದ ಕಡೆ ತಿರುಗಿದಳು. ಫಕ್ಕಿಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ ಹರಿಬಾ ಕೂಗಿದ: 'ಏ ತಂಗಿ, ಹೋಗಬ್ಯಾಡ! ಚೀನಾದಾಗ ಆಕಿ ಹೋದಳೇನ?'

'ಯಾರ ಕಾಕಾ?'

'ಆಮ್ಯಾಲ ಹೇಳ್ತೀನಿ. ಮೊದಲ ನಿಂದ್ರ.'

ಅವಳು ನಿಂತಳು. ಈಗ ಹರಿಬಾನ ಪಾಳಿ. ಅವನ ಕೂಲಿಯ ಕಾಗದಕ್ಕೆ ಅಂದು ಸಂಜೆ ಸಹಿ ಹಾಕಬೇಕಾದವರು ಇದೇ ಶ್ರೀಶೈಲಪ್ಪ ಮಾಸ್ತರರು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ, ಮತ್ತೆ ಬದಲಿಸಿದ. ಆಮೇಲೆ ಹೋಗಿ ಗೆರೆಯ ಪಕ್ಕ ಮಂಡಿಯೂರಿದ.

'ಸರ, ಇದು ಓಡಿದ ಹೆಜ್ಜಿ ಅಲ್ರಿ. ಓಡಾಕಿ ಹೆಜ್ಜಿ ಗೆರಿ ಕೂಡ ಹೋಗ್ತದ. ಇದು ಅಡ್ಡ ದಾಟೇತಿ. ಮತ್ತ ಇದರಾಗ ಚಪ್ಪಲಿ ಗೀರು ಅದಾವ. ಹುಡುಗಿ ಕಾಲಾಗ ಚಪ್ಪಲಿ ಎಲ್ಲೈತಿ?'

'ಹಂಗಾರ ಯಾರದಲೇ ಅದು?'

ಹರಿಬಾ ಮಾಸ್ತರರ ಕುರ್ಚಿಯ ಕೆಳಗಿದ್ದ ಖಾಲಿ ಚಹಾ ಗ್ಲಾಸು ನೋಡಿದ. ಅಮೋಗಸಿದ್ದ ಅಂದು ಕಿಟ್ಲಿ ತಂದು ಮೈದಾನದ ನಡುವೆ ಚಹಾ ಮಾರುತ್ತಿದ್ದ.

'ಸರ, ನಿಮ್ಮ ಚಪ್ಪಲಿ ಜರಾ ಎತ್ರಿ.'

ಮಾಸ್ತರರ ಮುಖ ಕೆಂಪಾಯಿತು. ಆಗ ಕಿಟ್ಲಿಯ ಹಿಂದಿನಿಂದ ಅಮೋಗಸಿದ್ದನ ದನಿ: 'ಎತ್ರಿ ಸರ! ನಾಚ್ಕೋಬ್ಯಾಡ್ರಿ, ನಮ್ಮಂದಿನ!'

ಮಾಸ್ತರರು ಎಡಗಾಲು ಎತ್ತಿದರು. ಬರೀ ಮಣ್ಣು.

'ಇನ್ನೊಂದ, ಸರ.'

ಬಲಗಾಲಿನ ಚಪ್ಪಲಿಯ ಅಡಿ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಓಟಕ್ಕೆ ಮೊದಲು ಚಹಾ ತರಲು ಅವರೇ ಗೆರೆ ದಾಟಿ ಹೋಗಿದ್ದರು. ಮೊದಲು ಒಬ್ಬ ನಕ್ಕ, ಆಮೇಲೆ ಮೈದಾನವೇ ನಕ್ಕಿತು. ಮಾಸ್ತರರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದರು.

'ಮೊದಲ ಈ ಅಮೋಗಸಿದ್ದನ್ನ ಬಾದ ಮಾಡ್ರಿ,' ಅಂದರು. 'ಇಂವ ಚಾ ಅಂತ ಕರೀಲಿಲ್ಲಂದ್ರ ನಾ ಯಾಕ ದಾಟತಿದ್ದೆ?'

ಎಲ್ಲರ ಮುಂದೆಯೇ ಮೈಕಿನಲ್ಲಿ ತಮ್ಮ ತಪ್ಪು ಹೇಳಿ, ಸೃಷ್ಟಿಯ ಹೆಸರನ್ನು ಮೊದಲನೆಯ ಸ್ಥಾನಕ್ಕೆ ಬರೆದರು. ಆ ಮನುಷ್ಯನಿಗೆ ಸಲ್ಲಬೇಕಾದ್ದು ಸಲ್ಲಲಿ. ತಪ್ಪು ಒಪ್ಪಿಕೊಂಡ ಅಧಿಕಾರಿಗಳನ್ನು ಮೂವತ್ತು ವರ್ಷದ ಹೋರಾಟದಲ್ಲಿ ನಾನು ಬೆರಳಲ್ಲಿ ಎಣಿಸಿದ್ದೇನೆ.

ಸೃಷ್ಟಿ ಲೇನಿನಲ್ಲೇ ಕುಳಿತು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಹರಿಬಾ ಗಾಬರಿಯಾದ.

'ಏಳವ್ವಾ ಏಳ, ಗೆರಿ ಕೆಡತದ! ಹುಡುಗರ ಓಟ ಇನ್ನೂ ಐತಿ!'

ಅಳುತ್ತಿದ್ದವಳು ನಗುತ್ತ ಎದ್ದಳು. ಹರಿಬಾ ಬಾವುಟದ ಕಂಬಕ್ಕೆ ಒರಗಿ ಗಂಟು ಬಿಚ್ಚಿ, ರೊಟ್ಟಿ ಶೇಂಗಾ ಹಿಂಡಿ ತಿಂದ. ಬೆಳಗಿನಿಂದ ಅವನು ಉಂಡಿರಲಿಲ್ಲ. ಅಂಥ ರುಚಿಯ ರೊಟ್ಟಿ ಹೆಂಡತಿ ಶೇವಂತಾ ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ ಎಂದು ಇವತ್ತಿಗೂ ಹೇಳುತ್ತಾನೆ. ಅವಳ ಎದುರಿಗೂ ಹೇಳುತ್ತಾನೆ.

ಸಂಜೆ ಅಂಗಡಿಯಲ್ಲಿ ಹಾಂಗ್‌ಝೌದ ಭರ್ಜಿ ಎಸೆತ. ನೀರಜ್ ಚೋಪ್ರಾನ ಮೊದಲ ಎಸೆತದ ಅಳತೆಯೇ ದಾಖಲಾಗಲಿಲ್ಲ, ಮತ್ತೆ ಎಸೆಯಬೇಕಾಯಿತು. 'ಅಲ್ಲೂ ಹಗ್ಗ ಹಿಡದಾರೇನ?' ಅಂದ ಹರಿಬಾ. ಕಿಶೋರ್ ಜೇನಾನ ಎರಡನೆಯ ಎಸೆತಕ್ಕೆ ಗೆರೆ ತುಳಿದನೆಂದು ಕೆಂಪು ಬಾವುಟ ಎತ್ತಿದರು. ಇಬ್ಬರೂ ತಕರಾರು ತೆಗೆದ ಮೇಲೆ ವಿಡಿಯೋ ನೋಡಿ, ಬಾವುಟ ತಪ್ಪು ಎಂದು ಒಪ್ಪಿದರು. ಅಂಗಡಿಯ ಜನ ಮೊಬೈಲು ಬಿಟ್ಟು ಹರಿಬಾನ ಮುಖ ನೋಡಿದರು. ನೀರಜ್‌ಗೆ ೮೮.೮೮ ಮೀಟರಿನ ಚಿನ್ನ, ಜೇನಾನಿಗೆ ೮೭.೫೪ರ ಬೆಳ್ಳಿ. ಹರಿಬಾನ ಚಹಾಕ್ಕೆ ಅಂದು ಅಮೋಗಸಿದ್ದ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾಸ್ತರರು ಕೂಲಿಯ ಕಾಗದಕ್ಕೆ ಅಂದೇ ಸಹಿ ಮಾಡಿದ್ದರು. ಕಾಗದ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. 'ಮಂದಿ ಚಪ್ಪಲಿ ಎತ್ತಿಸಿ ಬಂದ್ರಿ,' ಎನ್ನುತ್ತಾಳೆ ಶೇವಂತಾ, 'ನಿಮ್ಮ ಕಾಗದ ಯಾರ ಎತ್ತಬೇಕು?'

ಸೃಷ್ಟಿ ಸಾಂಗಲಿಯಲ್ಲಿ ಆರನೆಯವಳಾದಳು. ಪದಕ ಇಲ್ಲ, ಪೇಪರಿನಲ್ಲಿ ಹೆಸರಿಲ್ಲ. ಆದರೆ ಓಡಿ ಸೋತಳು, ನೆರಳಿನಲ್ಲಿ ಕುಳಿತು ಸೋಲಲಿಲ್ಲ. ನನಗೆ ಅಷ್ಟು ಸಾಕು.

ಈ ವರ್ಷವೂ ಕೂಟ ಇದೆ. ಇದನ್ನು ಓದುತ್ತಿರುವ ನೀವು ಪಂಚರಾಗಿರಬಹುದು, ಸಮಿತಿಯವರಾಗಿರಬಹುದು, ಬರೀ ಚಪ್ಪಾಳೆ ಹೊಡೆಯಲು ಬಂದವರಾಗಿರಬಹುದು. ಯಾವ ಮಗುವನ್ನಾದರೂ ಹೊರಗೆ ಹಾಕುವ ಮುನ್ನ ಬಗ್ಗಿ ಹೆಜ್ಜೆ ನೋಡಿ, ಗೆರೆ ಹಾಕಿದವನನ್ನು ಕರೆದು ಕೇಳಿ. ಮತ್ತು ಮೊದಲ ಓಟದ ಸೀಟಿ ಊದುವ ಮೊದಲು ಹರಿಬಾನ ಎಂಟುನೂರು ರೂಪಾಯಿ ಅವನ ಕೈಗೆ ಕೊಡಿ. ಹೆಡ್ ನೀವೇ ಹುಡುಕಿ.